ಮಂಗಳೂರಿನಲ್ಲಿ ಹೋಟೆಲ್ ಜಾಗದ ಬಾಡಿಗೆ ಕರಾರು ಇಷ್ಟು ದಪ್ಪ ಆದದ್ದು ಹೇಗೆ?

ಮಂಗಳೂರಿನಲ್ಲಿ ಹೋಟೆಲ್ ಹಾಕಲು ಜಾಗ ಕೇಳಿದರೆ, ಬಾಡಿಗೆ ಎಷ್ಟು ಅನ್ನುವುದು ಈಗ ಎರಡನೇ ಮಾತು. ಲಾಕ್-ಇನ್ (ನಡುವೆ ಬಿಡುವ ಹಾಗಿಲ್ಲದ ಅವಧಿ) ಎಷ್ಟು ವರ್ಷ, ಜಿಎಸ್‌ಟಿ ಯಾರ ತಲೆಗೆ, ಚಿಮಣಿ ಪೈಪು ಯಾವ ಕಡೆಯಿಂದ ಹೋಗಬೇಕು, ಬಿಟ್ಟು ಹೋಗುವಾಗ ಅಡುಗೆಮನೆ ಯಾರದು, ಇವೆಲ್ಲ ಮೊದಲು ಬರುತ್ತವೆ. ಪೇಟೆಯ ಹಳೆ ಹೋಟೆಲುಗಳಲ್ಲಿ ಎಷ್ಟೋ ಎರಡು ಪುಟದ ಛಾಪಾ ಕಾಗದದ ಮೇಲೆ, ಕೆಲವು ಬರೀ ಬಾಯಿಮಾತಿನ ಮೇಲೆ ತಲೆಮಾರು ದಾಟಿವೆ. ಅದೇ ಬೀದಿಯ ಹೊಸ ಕಟ್ಟಡದ ಕರಾರು ಓದಲು ವಕೀಲರನ್ನು ಹಿಡಿಯಬೇಕು. ಮಾಲೀಕರಿಗೂ ಸಮಾಧಾನ ಇಲ್ಲ, ಹೋಟೆಲಿನವರಿಗೂ ಇಲ್ಲ. ಇಬ್ಬರೂ ಹೇಳುವುದರಲ್ಲಿ ಸತ್ಯ ಇದೆ. ಆದರೆ ಇಬ್ಬರೂ ಮಾತು ಶುರು ಮಾಡುವುದು ನಿನ್ನೆ ಮೊನ್ನೆಯಿಂದ.

ಬಾಡಿಗೆಗಿಂತ ಮೊದಲು ಈ ಕರಾವಳಿಯಲ್ಲಿ ಇದ್ದದ್ದು ಗೇಣಿ. ಮೂಲಗೇಣಿ ಅಂದರೆ ಕಾಯಂ ಹಕ್ಕು. ನಿಗದಿಯಾದ ಗೇಣಿ ಕೊಡುತ್ತಿದ್ದರೆ ತಲೆಮಾರಿಗೂ ಬಿಡಿಸುವ ಹಾಗಿಲ್ಲ. ಚಾಲಗೇಣಿಗೆ ಆ ಭದ್ರತೆ ಇರಲಿಲ್ಲ. 1974ರ ಭೂಸುಧಾರಣೆ ಕೃಷಿ ಭೂಮಿಯ ಗೇಣಿಯನ್ನು ಮುಗಿಸಿತು. ಪೇಟೆಯೊಳಗಿನ ಮೂಲಗೇಣಿ ಜಾಗ ಹಾಗೇ ಉಳಿಯಿತು. ಅದನ್ನು ಬಗೆಹರಿಸಲು ಮೂಲಗೇಣಿದಾರರಿಗೆ ಒಡೆತನ ಕೊಡುವ ಪ್ರತ್ಯೇಕ ಕಾಯ್ದೆಯನ್ನು 2011ರಲ್ಲಿ ರಾಜ್ಯ ತಂದಿತು, ಅದೂ ಕೋರ್ಟಿನ ಮೆಟ್ಟಿಲು ಹತ್ತಿತು. ಹೋಟೆಲಿನವರಿಗೆ ಇದರಿಂದ ಏನು ಅಂತೀರಾ? ಕಟ್ಟಡದ ಮಾಲೀಕರು ಅಂತ ನಾವು ಯಾರಿಗೆ ಅಡ್ವಾನ್ಸ್ ಕೊಡುತ್ತೇವೋ ಅವರೇ ಮೂಲಗೇಣಿದಾರರು ಆಗಿರಬಹುದು. ಭೂಮಿಯ ಒಡೆಯರು ಬೇರೆ ಇರಬಹುದು. ಹಳೆ ಪೇಟೆಯಲ್ಲಿ ದಾಖಲೆ ನೋಡುವ ವಕೀಲರು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ.

ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಕೆಳಗಿತ್ತು. ಬಾಡಿಗೆಗೂ ಮದ್ರಾಸಿನದೇ ನಿಯಂತ್ರಣ ಕಾಯ್ದೆ. ರಾಜ್ಯ ಒಂದಾದ ಮೇಲೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಕಾಗದದ ಮೇಲೆ ಅದು ತುಂಬ ಬಿಗಿ. ಜಾಗ ಖಾಲಿಯಾದರೆ ಕಂಟ್ರೋಲರ್‌ಗೆ, ಅಂದರೆ ಬಾಡಿಗೆ ನೋಡಿಕೊಳ್ಳುವ ಸರಕಾರಿ ಅಧಿಕಾರಿಗೆ, ತಿಳಿಸಬೇಕು. ಬಾಡಿಗೆದಾರರನ್ನು ಬಿಡಿಸಬೇಕಾದರೆ ಕಾಯ್ದೆಯಲ್ಲಿ ಪಟ್ಟಿ ಮಾಡಿದ ಕಾರಣವೇ ಬೇಕು: ಬಾಡಿಗೆ ಬಾಕಿ, ಒಳಬಾಡಿಗೆಗೆ ಕೊಟ್ಟದ್ದು, ಸ್ವಂತಕ್ಕೆ ಜಾಗ ಬೇಕಾದದ್ದು, ಒಡೆದು ಕಟ್ಟುವುದು, ಹೀಗೆ. ಸ್ವಂತಕ್ಕೆ ಬೇಕು ಅಂದರೂ ಕೋರ್ಟು ಇಬ್ಬರ ಕಷ್ಟವನ್ನೂ ತೂಗಿ ನೋಡುತ್ತಿತ್ತು. ಮೂವತ್ತು ವರ್ಷದ ಗಿರಾಕಿ ಇರುವ ಹೋಟೆಲನ್ನು ಎಬ್ಬಿಸಿದರೆ ಯಾರಿಗೆ ಜಾಸ್ತಿ ಕಷ್ಟ ಅಂತ.

ಹೀಗಾಗಿ ಮಾಲೀಕರು ಕಟ್ಟಡಕ್ಕೆ ಸುಣ್ಣ ಬಳಿಯುವುದನ್ನೂ ನಿಲ್ಲಿಸಿದರು. ಕೈಗೆ ಬರುವ ಬಾಡಿಗೆ ಹಂಚು ರಿಪೇರಿಗೂ ಸಾಲದು. ಕರಾವಳಿಯ ಮಳೆ ಗೊತ್ತಲ್ಲ, ಎರಡು ಜೂನ್ ನೋಡದೆ ಬಿಟ್ಟ ಮಾಡು ಮೂರನೇ ಜೂನಿಗೆ ಸೋರುತ್ತದೆ. ಹೋಟೆಲಿನವರು ತಮ್ಮ ದುಡ್ಡಲ್ಲೇ ಹಂಚು ಹೊದೆಸಿ, ಅದನ್ನೇ ತಮ್ಮ ಹಕ್ಕಿಗೆ ಸಾಕ್ಷಿ ಅಂತ ಹೇಳಿಕೊಂಡರು.

ಈ ಬಿಗಿಯಿಂದ ಹುಟ್ಟಿದ್ದೇ 'ನಡೆಸಲು ಕೊಡುವುದು'. ಜಾಗವನ್ನು ಬಾಡಿಗೆಗೆ ಕೊಟ್ಟರೆ ಕಾಯ್ದೆ ಬರುತ್ತದೆ. ವ್ಯಾಪಾರವನ್ನೇ ಪಾತ್ರೆ, ಬೆಂಚು, ಲೈಸೆನ್ಸ್ ಸಮೇತ ನಡೆಸಲು ಕೊಟ್ಟರೆ ಅದು ಬಾಡಿಗೆ ಅಲ್ಲ ಅನ್ನುವ ವಾದ. ಮುಂಬೈಯಲ್ಲಿ ಹೋಟೆಲ್ ಮಾಡಿದ ಊರಿನವರಿಗೆ ಇದು ಹೊಸದಲ್ಲ, ಅಲ್ಲಿ ಇದಕ್ಕೆ ಕಂಡಕ್ಟಿಂಗ್ ಅನ್ನುತ್ತಾರೆ. ದಿನದ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ ಒಂದು ಮೊತ್ತ ಕೊಟ್ಟರಾಯಿತು. ಕಾಗದದಲ್ಲಿ ಬಾಡಿಗೆ ಎನ್ನುವ ಪದವೇ ಇರುವುದಿಲ್ಲ. ಜಗಳ ಬಂದಾಗ ಮಾತ್ರ ಕೋರ್ಟು ಪದ ನೋಡುವುದಿಲ್ಲ, ಜಾಗದ ಸ್ವಾಧೀನ ಯಾರ ಕೈಯಲ್ಲಿತ್ತು ಅಂತ ನೋಡುತ್ತದೆ.

ಈಗ ನಾನು ಈ ಕಥೆಯ ನಡುಬೆನ್ನು ಅಂತ ನೋಡುವ ದಿನಕ್ಕೆ ಬರೋಣ: 2001ರ ಡಿಸೆಂಬರ್ 31. ಅಂದು ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂತು. ಮನೆಗಳ ಬಗ್ಗೆ ಅದರಲ್ಲಿ ಬೇಕಾದಷ್ಟು ಇದೆ. ವ್ಯಾಪಾರದ ಜಾಗದ ಬಗ್ಗೆ ಇರುವುದು ಮುಖ್ಯವಾಗಿ ಒಂದು ಗೆರೆ. 14 ಚದರ ಮೀಟರ್ ಮೀರದ ಅಂಗಡಿಗೆ ರಕ್ಷಣೆ ಉಂಟು, ಅದಕ್ಕಿಂತ ದೊಡ್ಡದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. 14 ಚದರ ಮೀಟರ್ ಅಂದರೆ ಹತ್ತಿರ ಹತ್ತಿರ 150 ಚದರ ಅಡಿ. ಬೀಡಾ ಅಂಗಡಿ ಹಿಡಿಸುತ್ತದೆ. ಚಹಾ ಕಾಯಿಸುವ ಮೂಲೆಯೂ ಹಿಡಿಸಬಹುದು. ನಾಲ್ಕು ಟೇಬಲು, ಒಂದು ಅಡುಗೆಮನೆ, ಕೈತೊಳೆಯುವ ಜಾಗ ಇರುವ ಹೋಟೆಲ್ ಹಿಡಿಸುವುದಿಲ್ಲ.

ಅಂದರೆ ನಲವತ್ತು ವರ್ಷ ಇದ್ದ ಆಸರೆ ಊಟದ ಹೋಟೆಲುಗಳ ಮಟ್ಟಿಗೆ ಒಂದು ರಾತ್ರಿಯಲ್ಲಿ ಹೋಯಿತು. ಹೊಸ ಕಾಯ್ದೆ ಅನ್ವಯಿಸದ ಜಾಗಗಳ ಮೇಲೆ ಹಳೆ ಕಾಯ್ದೆಯಡಿ ನಡೆಯುತ್ತಿದ್ದ ಕೇಸುಗಳೂ ಅಲ್ಲಿಗೇ ಬಿದ್ದು ಹೋದವು. ಮಾಲೀಕರು ಸಿವಿಲ್ ಕೋರ್ಟಿಗೆ ಹೊಸ ದಾವೆ ಹಾಕಿದರು. ಅಲ್ಲಿ ನಡೆಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆದಾರರಿಗೆ 15 ದಿನದ ನೋಟಿಸ್ ಕೊಟ್ಟರೆ ಸಾಕು, ಕಾರಣ ಹೇಳಬೇಕಾಗಿಲ್ಲ. ಮೊದಲು ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು. ಒಂದು ದಿನ ಆಚೀಚೆ ಆದರೆ ದಾವೆ ಬೀಳುವ ಸಂಭವ ಇತ್ತು, ಬಾಡಿಗೆದಾರರ ವಕೀಲರು ಆ ಒಂದು ದಿನವನ್ನು ಹುಡುಕುತ್ತಿದ್ದರು. 2002ರ ತಿದ್ದುಪಡಿ ಆ ಕಿಂಡಿಯನ್ನೂ ಮುಚ್ಚಿತು. ಅದು ಜಾರಿಗೆ ಬಂದ ದಿನವೂ ಡಿಸೆಂಬರ್ 31!

ಹಾಗಾದರೆ ಹೋಟೆಲಿನವರಿಗೆ ಉಳಿದ ಆಸರೆ ಯಾವುದು? ಕರಾರು ಒಂದೇ. ಆದರೆ ಊರಲ್ಲಿ ಚಾಲ್ತಿಯಲ್ಲಿದ್ದ ಕರಾರು 11 ತಿಂಗಳದ್ದು. ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸನ್ನು ನೋಂದಣಿ ಮಾಡಿಸಲೇಬೇಕು, ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಆ ಖರ್ಚು ತಪ್ಪಿಸಲು 11 ತಿಂಗಳು ಬರೆದು, ಆಮೇಲೆ ಸುಮ್ನೆ ಮುಂದುವರಿಸುವುದು ರೂಢಿ. ಹಳೆ ಕಾಯ್ದೆ ಇದ್ದಾಗ ಇದು ನಡೆಯುತ್ತಿತ್ತು, ಕಾಗದ ಮುಗಿದರೂ ಕಾಯ್ದೆ ಕೈಬಿಡುತ್ತಿರಲಿಲ್ಲ. 2001ರ ನಂತರ ಅದೇ 11 ತಿಂಗಳ ಕಾಗದ ಹಿಡಿದು ಇಪ್ಪತ್ತು ಮೂವತ್ತು ಲಕ್ಷದ ಅಡುಗೆಮನೆ ಕಟ್ಟುವುದು ಅಂದರೆ ಗಾಳಿಯಲ್ಲಿ ಗೋಪುರ ಕಟ್ಟಿದ ಹಾಗೆ. ಐದು ವರ್ಷಕ್ಕೆ ಅಂತ ಬರೆದು ನೋಂದಣಿ ಮಾಡಿಸದೆ ಬಿಟ್ಟವರ ಪಾಡೂ ಬೇರೆ ಅಲ್ಲ. ಆ ಐದು ವರ್ಷವನ್ನು ಕೋರ್ಟಿನಲ್ಲಿ ಸಾಧಿಸಲು ಆ ಕಾಗದ ಸಾಲುವುದಿಲ್ಲ.

ಇದೇ ಹೊತ್ತಿಗೆ ಊರೂ ಬದಲಾಗುತ್ತಿತ್ತು. ಬಂದರು, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜು ಮೊದಲೇ ಇದ್ದವು. ಹೊರಗಿನ ವಿದ್ಯಾರ್ಥಿಗಳು ಹೆಚ್ಚಿದ ಹಾಗೆ ಬಲ್ಮಠ, ಕದ್ರಿ, ಬೆಂದೂರ್‌ವೆಲ್ ಕಡೆ ಹೋಟೆಲ್ ಜಾಗಕ್ಕೆ ಬೇಡಿಕೆ ಏರಿತು. ಪಾಂಡೇಶ್ವರದಲ್ಲಿ 2014ರಲ್ಲಿ ದೊಡ್ಡ ಮಾಲ್ ಬಂತು. ದೊಡ್ಡ ಬ್ರ್ಯಾಂಡುಗಳು ಬರುವಾಗ ತಮ್ಮ ಕರಾರಿನ ಮಾದರಿಯನ್ನೂ ಹಿಡಿದುಕೊಂಡು ಬಂದವು. ಊರಿನ ಮಾಲೀಕರು ಅದನ್ನು ನೋಡಿ ಕಲಿತರು. ಆದರೆ ತಮಗೆ ಬೇಕಾದ ಕಲಮುಗಳನ್ನಷ್ಟೇ ಎತ್ತಿಕೊಂಡರು ಅಂತ ಹೋಟೆಲಿನವರು ಗೊಣಗುತ್ತಾರೆ. ಗೊಣಗಾಟಕ್ಕೆ ಕಾರಣ ಇಲ್ಲದಿಲ್ಲ.

ಲಾಕ್-ಇನ್ ನೋಡಿ. ಬ್ರ್ಯಾಂಡಿನ ಕರಾರಿನಲ್ಲಿ ಅದು ಇಬ್ಬರನ್ನೂ ಕಟ್ಟುವಂಥದ್ದು. ಮಾಲೀಕರೂ ಎಬ್ಬಿಸುವ ಹಾಗಿಲ್ಲ, ಬಾಡಿಗೆದಾರರೂ ಬಿಡುವ ಹಾಗಿಲ್ಲ. ಸಣ್ಣ ಹೋಟೆಲಿನ ಕರಾರಿಗೆ ಬರುವಾಗ ಎಷ್ಟೋ ಸಲ ಒಂದೇ ಕಡೆಯದು ಉಳಿಯುತ್ತದೆ. ಬಿಟ್ಟು ಹೋದರೆ ಉಳಿದ ತಿಂಗಳ ಬಾಡಿಗೆ ಕೊಡಿ, ನಮಗೆ ಬೇಕಾದರೆ ಮೂರು ತಿಂಗಳ ನೋಟಿಸ್.

ಏರಿಕೆಯಲ್ಲೂ ಒಂದು ಸೂಕ್ಷ್ಮ ಇದೆ. ಮೂರು ವರ್ಷಕ್ಕೊಮ್ಮೆ ಶೇ 15 ಎನ್ನುವುದು ಹಳೆ ಲೆಕ್ಕ. ಈಗ ಬಹಳ ಕಡೆ ವರ್ಷಕ್ಕೆ ಶೇ 5 ಅಂತ ಬರೆಯುತ್ತಾರೆ. ಎರಡೂ ಒಂದೇ ಅಲ್ವಾ ಅಂತ ಸಹಿ ಹಾಕುವವರೇ ಜಾಸ್ತಿ. ತಿಂಗಳಿಗೆ 1 ಲಕ್ಷದಿಂದ ಶುರುವಾಗುವ ಒಂಬತ್ತು ವರ್ಷದ ಲೀಸಿನಲ್ಲಿ, ಹಳೆ ಲೆಕ್ಕದಂತೆ ಕೊನೆಯ ವರ್ಷದ ಬಾಡಿಗೆ ಸುಮಾರು 1.32 ಲಕ್ಷ. ಹೊಸ ಲೆಕ್ಕದಲ್ಲಿ ಅದು 1.48 ಲಕ್ಷದ ಹತ್ತಿರ. ನಡುವಿನ ವರ್ಷಗಳಲ್ಲಿ ಕೊಟ್ಟ ವ್ಯತ್ಯಾಸ ಬೇರೆ.

ಇನ್ನು ಅಡುಗೆಮನೆ. ಬರೀ ನೆಲ, ಗೋಡೆ, ನೀರಿನ ಒಂದು ಪೈಪು, ಕರೆಂಟಿನ ಒಂದು ಪಾಯಿಂಟು ಕೊಟ್ಟು ಮಾಲೀಕರ ಕೆಲಸ ಮುಗಿಯುತ್ತದೆ. ತ್ರೀ-ಫೇಸ್ ಲೋಡ್ ಹೆಚ್ಚಿಸುವುದು, ಜಿಡ್ಡು ಹಿಡಿಯುವ ಗುಂಡಿ, ಗ್ಯಾಸ್ ಲೈನು, ಹೊಗೆಯ ಪೈಪು ಎಲ್ಲ ಹೋಟೆಲಿನವರದು. ಜಗಳ ಜಾಸ್ತಿ ಆಗುವುದು ಆ ಪೈಪಿಗೇ. ಮೇಲಿನ ಮಹಡಿಯಲ್ಲಿ ಕ್ಲಿನಿಕ್ಕೋ ಟ್ಯೂಷನ್ ಸೆಂಟರೋ ಇರುತ್ತದೆ. ಅವರ ಕಿಟಕಿ ದಾಟಿ, ಹಿಂಬದಿ ಗೋಡೆಗೆ ಹೊಂದಿಕೊಂಡು, ತಾರಸಿಗಿಂತ ಮೇಲಕ್ಕೆ ಹೋಗಬೇಕು. ತಾರಸಿ ಬಳಸುವ ಹಕ್ಕು ಕರಾರಿನಲ್ಲಿ ಬರೆದಿರದಿದ್ದರೆ, ಎಲ್ಲ ಮುಗಿದು ಒಲೆ ಹಚ್ಚಿದ ವಾರದಲ್ಲೇ ತಕರಾರು. ಉಪ್ಪುಗಾಳಿಗೆ ಜಿಐ (ಸತು ಬಳಿದ ಕಬ್ಬಿಣದ) ಶೀಟಿನ ಪೈಪು ಬೇಗ ತುಕ್ಕು ಹಿಡಿಯುತ್ತದೆ, ಸ್ಟೀಲ್ ಹಾಕಿದರೆ ಖರ್ಚು ಏರುತ್ತದೆ. ಅವಧಿ ಮುಗಿದ ಮೇಲೆ ಅದೇ ಪೈಪು 'ಕಟ್ಟಡದ ಭಾಗ' ಆಗಿ ಬಿಡುತ್ತದೆ.

ತೆರಿಗೆಯ ಕಥೆ ಚಿಕ್ಕದು ಮಾಡಿ ಹೇಳುತ್ತೇನೆ. ವ್ಯಾಪಾರದ ಬಾಡಿಗೆಗೆ ಸೇವಾ ತೆರಿಗೆ ಬಂದದ್ದು 2007ರ ಜೂನ್ 1ಕ್ಕೆ. ಬಾಡಿಗೆಗೆ ಕೊಡುವುದೇ ಒಂದು ಸೇವೆ ಆಗದು ಎಂದು 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2010ರಲ್ಲಿ ಕೇಂದ್ರ ಕಾಯ್ದೆಯನ್ನೇ ತಿದ್ದಿ 2007ರಿಂದಲೇ ಅನ್ವಯ ಮಾಡಿತು. ತೆರಿಗೆ ಯಾರು ಕೊಡಬೇಕು ಅಂತ ಹಳೆ ಕರಾರುಗಳಲ್ಲಿ ಬರೆದಿರಲಿಲ್ಲ. ಆಗ ಶುರುವಾದ ಜಟಾಪಟಿಯಿಂದಲೇ 'ಎಲ್ಲ ತೆರಿಗೆ ಬಾಡಿಗೆದಾರರದು' ಎಂಬ ಸಾಲು ಗಟ್ಟಿಯಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಬಾಡಿಗೆಗೆ ಶೇ 18. ಅದೇ ವರ್ಷ ನವೆಂಬರ್ 15ರಿಂದ ಹೆಚ್ಚಿನ ರೆಸ್ಟೋರೆಂಟುಗಳ ಊಟಕ್ಕೆ ಶೇ 5, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ತಾವು ಬೇರೆಯವರಿಗೆ ಕೊಟ್ಟ ಜಿಎಸ್‌ಟಿಯನ್ನು ಮುರಿದುಕೊಳ್ಳುವ ಹಾಗಿಲ್ಲ. ಊಟ ಮಾಡುವವರು ಖುಷಿಯಾದರು. ಬಟ್ಟೆ ಅಂಗಡಿಯವರು ಬಾಡಿಗೆಯ ಶೇ 18ನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳಬಹುದು, ಪಕ್ಕದ ಹೋಟೆಲಿನವರಿಗೆ ಅದು ಪೂರ್ತಿ ಖರ್ಚು. 1 ಲಕ್ಷ ಬಾಡಿಗೆಗೆ ವರ್ಷಕ್ಕೆ 2.16 ಲಕ್ಷ. ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸದವರಾದರೆ ಈ ಕಾಟ ಇರಲಿಲ್ಲ. 2024ರ ಅಕ್ಟೋಬರ್ 10ರಿಂದ ಅಂಥ ಕಡೆಯೂ ನೋಂದಾಯಿತ ಬಾಡಿಗೆದಾರರೇ ತೆರಿಗೆ ಕಟ್ಟುವ ಹಾಗಾಯಿತು. ಕಾಂಪೋಸಿಶನ್‌ನಲ್ಲಿರುವ (ವಹಿವಾಟಿನ ಮೇಲೆ ಒಂದು ಸರಳ ದರದ ತೆರಿಗೆ ಕಟ್ಟುವ) ಸಣ್ಣವರಿಗೆ 2025ರ ಜನವರಿಯಲ್ಲಿ ವಿನಾಯಿತಿ ಸಿಕ್ಕಿತು.

ಸಮುದ್ರ ಕಾಣುವ ಜಾಗ ಬೇಕು ಅನ್ನುವವರಿಗೆ ಇನ್ನೊಂದು ಗೆರೆ ಇದೆ. 1991ರ ಫೆಬ್ರವರಿಯಲ್ಲಿ ಬಂದ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಕಟ್ಟುವುದಕ್ಕೆ ನಿಯಮ ಹಾಕಿತು. 2011ರಲ್ಲಿ, 2019ರಲ್ಲಿ ಅದು ಬದಲಾಯಿತು. ನೇತ್ರಾವತಿ, ಗುರುಪುರ ಹೊಳೆಗಳ ಉಪ್ಪುನೀರಿನ ದಡವೂ ಇದರೊಳಗೆ ಬರುತ್ತದೆ. ಲೀಸ್ ಮಾಡುವವರು ಇದನ್ನು ಮಾಲೀಕರ ತಲೆನೋವು ಅಂದುಕೊಳ್ಳುತ್ತಾರೆ. ಅನುಮತಿ ಇಲ್ಲದ ಕಟ್ಟಡಕ್ಕೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಸಿಗದೆ ಕೂತಾಗ, ಬಾಡಿಗೆ ಮಾತ್ರ ಸಹಿ ಹಾಕಿದ ತಿಂಗಳಿಂದಲೇ ಓಡುತ್ತಿರುತ್ತದೆ. ಬೀಚಿನ ಬದಿಯಲ್ಲಿ ಜೂನ್ ಜುಲೈ ಹೇಗೂ ಖಾಲಿ. ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವ ಆ 61 ದಿನ ಮೀನಿನ ರೇಟೂ ಮೇಲೆ. ಆದರೂ ಮಳೆಗಾಲಕ್ಕೆ ಕಡಿಮೆ ಬಾಡಿಗೆ ಅಂತ ಬರೆಸಿಕೊಂಡವರು ಕಾಣಸಿಗುವುದು ಅಪರೂಪ.

2020ರ ಲಾಕ್‌ಡೌನ್ ಬಂದಾಗ ಎಲ್ಲರೂ ಹಳೆ ಕರಾರು ತೆಗೆದು ಓದಿದರು. ಅಂಗಡಿ ಮುಚ್ಚಿದ್ದಕ್ಕೆ ಬಾಡಿಗೆ ಮಾಫಿ ಕೇಳಲು ಕರಾರಿನಲ್ಲಿ ಅಂಥ ಕಲಮು ಇರಬೇಕು ಎಂಬ ಅರ್ಥದ ತೀರ್ಪನ್ನು ಆ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಖಾನ್ ಮಾರ್ಕೆಟಿನ ಒಂದು ಅಂಗಡಿಯ ಕೇಸಿನಲ್ಲಿ ಕೊಟ್ಟಿತು. ಇಲ್ಲಿ ಕೋರ್ಟಿಗಿಂತ ಮಾತುಕತೆಯೇ ಜಾಸ್ತಿ ನಡೆಯಿತು. ಅರ್ಧ ಬಾಡಿಗೆಗೆ ಒಪ್ಪಿದ ಮಾಲೀಕರಿದ್ದರು, ಅಡ್ವಾನ್ಸಿನಲ್ಲೇ ಮುರಿದುಕೊಂಡು ಬೀಗದ ಕೈ ವಾಪಸ್ ಕೇಳಿದವರೂ ಇದ್ದರು. ಆಮೇಲಿನ ಕರಾರುಗಳಲ್ಲಿ ಸಾಂಕ್ರಾಮಿಕ ರೋಗದ ಕಲಮು ಸೇರಿತು. ಕೇಂದ್ರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವ್ಯಾಪಾರದ ಜಾಗಕ್ಕೆ ಅಡ್ವಾನ್ಸ್ ಆರು ತಿಂಗಳು ಮೀರಬಾರದು ಅನ್ನುತ್ತದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯಗಳು ತಮ್ಮ ಕಾಯ್ದೆ ಮಾಡಿದರೆ ಮಾತ್ರ ಬೆಲೆ.

ಬಿಟ್ಟು ಹೋಗುವಾಗಿನ ಜಗಳಕ್ಕೆ 1882ರ ಕಾಯ್ದೆಯಲ್ಲೇ ಉತ್ತರ ಇದೆ. ತಾನು ಜೋಡಿಸಿದ್ದನ್ನು ಬಾಡಿಗೆದಾರ ಬಿಚ್ಚಿಕೊಂಡು ಹೋಗಬಹುದು, ಜಾಗವನ್ನು ಮೊದಲಿದ್ದ ಹಾಗೆ ಬಿಟ್ಟರಾಯಿತು ಅಂತ 108ನೇ ಸೆಕ್ಷನ್ ಹೇಳುತ್ತದೆ. ಕರಾರಿನಲ್ಲಿ ಬೇರೆ ಬರೆದಿರದಿದ್ದರೆ, ಅಂತಲೂ ಹೇಳುತ್ತದೆ. ಈಗಿನ ಅಚ್ಚಾದ ಕರಾರುಗಳಲ್ಲಿ ಹೆಚ್ಚಾಗಿ ಬೇರೆಯೇ ಬರೆದಿರುತ್ತದೆ. ಆ ಸಾಲು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ, ಅಷ್ಟು ಹೊತ್ತಿಗೆ ಅಡ್ವಾನ್ಸ್ ಚೆಕ್ ಕೈ ಬದಲಾಗಿರುತ್ತದೆ.