ಕಾಡುಗೆಣಸಿನ ಕ್ರೀಮು ಹಚ್ಚಿದರೆ ಹಾರ್ಮೋನ್ ಬರುತ್ತದೆಯೇ?

ಬಯೋಐಡೆಂಟಿಕಲ್ ಹಾರ್ಮೋನ್ ಎಂದ ಕೂಡಲೇ ಬಹಳ ಜನರ ಕಣ್ಣ ಮುಂದೆ ಒಂದು ಹಸಿರು ಎಲೆ ಬರುತ್ತದೆ. ಗಿಡದಿಂದ ಬಂದದ್ದು, ಆದ್ದರಿಂದ ಸಹಜ, ಆದ್ದರಿಂದ ಅಪಾಯವಿಲ್ಲ. ಈ ಮೂರರಲ್ಲಿ ಮೊದಲನೆಯದು ಮಾತ್ರ ನಿಜ, ಅದೂ ಅರ್ಧ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ, ಬೆವರಿ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಒದ್ದಾಡುವವರಿಗೆ ಈ ಅರ್ಧ ಸತ್ಯವನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಾರಲ್ಲ, ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆ ಹೆಸರಿನ ಅರ್ಥ ಇಷ್ಟೇ: ನಮ್ಮ ದೇಹ ತಯಾರಿಸುವ ಹಾರ್ಮೋನಿನ ಅಣುವೂ ಔಷಧದಲ್ಲಿರುವ ಅಣುವೂ ಒಂದೇ ಅಚ್ಚು. ಒಂದು ಪರಮಾಣುವೂ ಆಚೀಚೆ ಇಲ್ಲ. ಎಲ್ಲಿಂದ ಬಂತು ಎನ್ನುವುದನ್ನು ಈ ಹೆಸರು ಹೇಳುವುದೇ ಇಲ್ಲ.

ಎಲ್ಲಿಂದ ಬಂತು ಎನ್ನುವ ಕಥೆ ಮಾತ್ರ ಬಲು ಸೊಗಸಾಗಿದೆ. 1934ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಪ್ರೊಜೆಸ್ಟರಾನ್ ಎಂಬ ಹೆಣ್ಣು ಹಾರ್ಮೋನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಸುಮಾರು 50,000 ಹಂದಿಗಳ ಅಂಡಾಶಯ ಬೇಕಾಯಿತು. ಕೊನೆಗೆ ಸಿಕ್ಕಿದ್ದು 20 ಮಿಲಿಗ್ರಾಂ. ಇವತ್ತು ರಾತ್ರಿ ಮಲಗುವ ಮುಂಚೆ ನುಂಗುವ ಒಂದು ಕ್ಯಾಪ್ಸೂಲಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಹಳೆಯ ಲೆಕ್ಕದಲ್ಲಿ ಒಂದು ರಾತ್ರಿಯ ಡೋಸಿಗೆ ಎರಡೂವರೆ ಲಕ್ಷ ಹಂದಿ!

ಹಂದಿಗಳನ್ನು ಬಚಾವು ಮಾಡಿದವರು ರಸೆಲ್ ಮಾರ್ಕರ್ ಎಂಬ ಅಮೆರಿಕದ ಹಟಮಾರಿ ರಸಾಯನ ವಿಜ್ಞಾನಿ. ಮೆಕ್ಸಿಕೋದ ಕಾಡುಗೆಣಸಿನಲ್ಲಿ ಡಯೋಸ್‌ಜೆನಿನ್ ಎಂಬ ವಸ್ತು ಬೇಕಾದಷ್ಟಿದೆ. ಅದರ ಅಣುವಿನ ನಡುಭಾಗ ಹಾರ್ಮೋನಿನದ್ದನ್ನೇ ಹೋಲುತ್ತದೆ, ಒಂದು ಬದಿಯಲ್ಲಿ ಬೇಡದ ಬಾಲವಿದೆ. ಆ ಬಾಲ ಕತ್ತರಿಸುವ ದಾರಿಯನ್ನು ಮಾರ್ಕರ್ ಕಂಡುಕೊಂಡಿದ್ದರು. ಔಷಧ ಕಂಪನಿಗಳು ನಂಬಲಿಲ್ಲ. ಮಾರ್ಕರ್ ತಾವೇ ಮೆಕ್ಸಿಕೋದ ವೆರಾಕ್ರೂಸ್‌ಗೆ ಹೋಗಿ ಗೆಡ್ಡೆ ತಂದರು, ಪ್ರೊಜೆಸ್ಟರಾನನ್ನು ಕಿಲೋ ಲೆಕ್ಕದಲ್ಲಿ ಮಾಡಿ ತೋರಿಸಿದರು. 1944ರಲ್ಲಿ ಮೆಕ್ಸಿಕೋದಲ್ಲಿ ಸಿಂಟೆಕ್ಸ್ ಕಂಪನಿ ಹುಟ್ಟಿದ್ದು ಹೀಗೆ. ಮುಂದೆ ಗರ್ಭನಿರೋಧಕ ಮಾತ್ರೆಯ ಒಂದು ಮುಖ್ಯ ಅಣುವೂ ಅಲ್ಲೇ ಹುಟ್ಟಿತು. ಅದು ಬೇರೆಯೇ ಕಥೆ, ಬಿಡಿ.

ಇಲ್ಲಿ ಗಮನಿಸಬೇಕಾದದ್ದು ಆ ಬಾಲ. ಅದನ್ನು ಕತ್ತರಿಸಲು ಬಿಸಿ ಬೇಕು, ಕಟುವಾದ ರಾಸಾಯನಿಕಗಳು ಬೇಕು, ಗಾಜಿನ ಪಾತ್ರೆ ಬೇಕು. ನಮ್ಮ ದೇಹದಲ್ಲಿ ಆ ಕೆಲಸ ಮಾಡುವ ಕಿಣ್ವ ಇಲ್ಲವೇ ಇಲ್ಲ. ಕಾಡುಗೆಣಸು ಅರೆದು ಮಾಡಿದ ಕ್ರೀಮನ್ನು ಎಷ್ಟು ತಿಕ್ಕಿದರೂ ಪ್ರೊಜೆಸ್ಟರಾನ್ ಆಗುವುದಿಲ್ಲ. ಹತ್ತಿ ಹೊಲದಲ್ಲಿ ಹೊರಳಾಡಿದರೆ ಮೈಮೇಲೆ ಅಂಗಿ ಬರುತ್ತದೆಯೇ?

ಬಾಲ ಇದ್ದರೇನು, ಇಲ್ಲದಿದ್ದರೇನು ಎನ್ನುವವರಿಗೆ ಒಂದು ಉದಾಹರಣೆ. ಗಂಡು ಹಾರ್ಮೋನ್ ಎಂದು ಹೆಸರಾದ ಟೆಸ್ಟೋಸ್ಟಿರಾನಿಗೂ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನುಗಳಲ್ಲಿ ಮುಖ್ಯವಾದ ಈಸ್ಟ್ರಡಯಾಲ್‌ಗೂ ಇರುವ ವ್ಯತ್ಯಾಸ ಒಂದು ಇಂಗಾಲ, ನಾಲ್ಕು ಜಲಜನಕ. ಅಷ್ಟೇ! ಜೀವಕೋಶದೊಳಗೆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕವನ್ನು (ರಿಸೆಪ್ಟರ್) ಬೀಗ ಎಂದುಕೊಳ್ಳಿ, ಹಾರ್ಮೋನು ಅದರ ಕೀಲಿಕೈ. ಒಂದು ಹಲ್ಲು ಸವೆದರೆ ಕೀಲಿಕೈ ಬೇರೆ ಮನೆಯ ಬಾಗಿಲು ತೆರೆಯುತ್ತದೆ. ಬೀಗದ ಹೋಲಿಕೆ ಹಳತಾಯಿತು ಎನ್ನುವಿರಾದರೆ ಅಕ್ಷರ ತೆಗೆದುಕೊಳ್ಳಿ: 'ಕಲ್ಲು' ಎನ್ನುವುದರಲ್ಲಿ ಲಕಾರ ಳಕಾರವಾದರೆ 'ಕಳ್ಳು' ಆಗುವುದಿಲ್ಲವೇ?

ಇನ್ನೊಂದು ತಮಾಷೆ. 1942ರಿಂದ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಪ್ರೆಮರಿನ್ ಎಂಬ ಈಸ್ಟ್ರೋಜನ್ ಮಾತ್ರೆ ತಯಾರಾಗುವುದು ಗಬ್ಬದ ಕುದುರೆಯ ಮೂತ್ರದಿಂದ. ಇದಕ್ಕಿಂತ 'ಸಹಜ' ಇನ್ನೇನು ಬೇಕು? ಆದರೆ ಅದರಲ್ಲಿರುವ ಎಕ್ವಿಲಿನ್‌ನಂಥ ಈಸ್ಟ್ರೋಜನ್‌ಗಳು ಮನುಷ್ಯರ ದೇಹದಲ್ಲಿ ಇಲ್ಲ. ಪ್ರಾಣಿಯಿಂದ ನೇರವಾಗಿ ಬಂದದ್ದು ನಮಗೆ ಪರಕೀಯ. ಕಾರ್ಖಾನೆಯಲ್ಲಿ ತಯಾರಾದದ್ದು ನಮ್ಮದೇ ಪಡಿಯಚ್ಚು.

ಸರಿ, ಪಡಿಯಚ್ಚು ಎಂದ ಮಾತ್ರಕ್ಕೆ ಅಪಾಯ ಇಲ್ಲವೇ? ಇದೆ. ಅಣುವಿನ ಆಕಾರದಷ್ಟೇ ಅದು ಒಳಗೆ ಹೋಗುವ ದಾರಿಯೂ ಮುಖ್ಯ. ನುಂಗಿದ ಈಸ್ಟ್ರಡಯಾಲ್ ಕರುಳಿನಿಂದ ಸೀದಾ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಒಂದು ಸುಂಕದ ಕಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ? ಬಹುಪಾಲನ್ನು ಅಲ್ಲೇ ಕಳೆದುಕೊಳ್ಳಬೇಕು. ಚರ್ಮಕ್ಕೆ ಅಂಟಿಸುವ ಪ್ಯಾಚ್ ದಿನಕ್ಕೆ 50 ಮೈಕ್ರೋಗ್ರಾಂ ಬಿಟ್ಟರೆ ಸಾಕಾಗುವ ಕಡೆ ಮಾತ್ರೆಯಲ್ಲಿ ಸುಮಾರು 1 ಮಿಲಿಗ್ರಾಂ, ಅಂದರೆ 20 ಪಟ್ಟು ಕೊಡಬೇಕಾಗುತ್ತದೆ. ಅಷ್ಟೊಂದು ಹಾರ್ಮೋನ್ ಒಮ್ಮೆಲೇ ನುಗ್ಗಿದಾಗ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಜಾಸ್ತಿ ಮಾಡುತ್ತದೆ. ಪ್ಯಾಚ್ ಅಥವಾ ಜೆಲ್‌ನಿಂದ ಹೋದದ್ದು ಮೊದಲು ರಕ್ತಕ್ಕೆ ಸೇರುತ್ತದೆ, ಯಕೃತ್ತಿಗೆ ಅಂಥ ಹೊಡೆತ ಬೀಳುವುದಿಲ್ಲ. ಅಣು ಅದೇ, ದಾರಿ ಬೇರೆ, ಅಪಾಯವೂ ಬೇರೆ.

2002ರಲ್ಲಿ, ಮುಟ್ಟು ನಿಂತವರಿಗೆ ಹಾರ್ಮೋನ್ ಕೊಟ್ಟು ನೋಡುತ್ತಿದ್ದ ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದಾಗ ಲೋಕವೆಲ್ಲ ಬೆಚ್ಚಿತು. ಅದರಲ್ಲಿ ಕೊಟ್ಟಿದ್ದು ಕುದುರೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನಿನಂತೆ ಕೆಲಸ ಮಾಡುವ ಬೇರೊಂದು ಅಣು. ವರ್ಷಕ್ಕೆ 10,000 ಮಹಿಳೆಯರಲ್ಲಿ 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡವು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದನ್ನು ಮಾತ್ರ ಸುದ್ದಿ ಓದಿದ ಹೆಚ್ಚಿನವರು ಗಮನಿಸಲಿಲ್ಲ. 60 ದಾಟುವ ಮೊದಲು, ಇಲ್ಲವೇ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡುವವರ ಲೆಕ್ಕವೇ ಬೇರೆ ಎಂದು ಈಗ ವೈದ್ಯರು ಹೇಳುತ್ತಾರೆ. ಆ ಭಯದಲ್ಲೇ ಎಷ್ಟೋ ಜನ 'ಸಹಜ' ಹಾರ್ಮೋನಿನ ಅಂಗಡಿಗಳತ್ತ ಓಡಿದರು.

ಅಲ್ಲಿ ಒಂದು ಗೊಂದಲವಿದೆ. ಪರೀಕ್ಷೆಗೊಳಪಟ್ಟು ಅನುಮತಿ ಪಡೆದ ಈಸ್ಟ್ರಡಯಾಲ್ ಪ್ಯಾಚ್, ಪ್ರೊಜೆಸ್ಟರಾನ್ ಕ್ಯಾಪ್ಸೂಲ್‌ಗಳೂ ಬಯೋಐಡೆಂಟಿಕಲ್ಲೇ. ಅಂಗಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹದದಲ್ಲಿ ಬೆರೆಸಿ ಕೊಡುವ ಕ್ರೀಮುಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಎರಡನೆಯದರಲ್ಲಿ ಡೋಸು ಇವತ್ತೊಂದು, ಮುಂದಿನ ತಿಂಗಳು ಇನ್ನೊಂದು ಆಗಬಹುದು. ಇದು ಸಣ್ಣ ವಿಷಯವಲ್ಲ. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಂಡರೆ ಅದರ ಒಳಪದರ ಬೆಳೆಯುತ್ತಲೇ ಹೋಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಅದನ್ನು ತಡೆಯುವುದೇ ಪ್ರೊಜೆಸ್ಟರಾನಿನ ಕೆಲಸ. ಬೆರೆಸಿದ ಕ್ರೀಮಿನಲ್ಲಿ ಅದು ಕಡಿಮೆಯಾದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿದ್ದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಯಾವ ಅಚ್ಚಿನದ್ದನ್ನೇ ಆದರೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಜೊಲ್ಲಿನ ಪರೀಕ್ಷೆ ಮಾಡಿ ನಿಮಗೆಂದೇ ಹದ ಮಾಡಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹಾರ್ಮೋನು ದಿನಕ್ಕೊಂದು ತರಹ ಏರಿಳಿಯುತ್ತದೆ. ಸೋಮವಾರದ ಜೊಲ್ಲು ನೋಡಿ ಬರೆದ ಚೀಟಿ ಗುರುವಾರಕ್ಕೇ ಹಳತು. ಒಳ್ಳೆಯ ವೈದ್ಯರು ಕೇಳುವುದು ಬೇರೆ ಪ್ರಶ್ನೆ: ರಾತ್ರಿ ಎಷ್ಟು ಸಲ ಬೆವರಿ ಎಚ್ಚರವಾಯಿತು? ಕಡಿಮೆಯಾಗಿದ್ದರೆ ಡೋಸು ಸರಿಯಿದೆ. ಇಲ್ಲದಿದ್ದರೆ ಸ್ವಲ್ಪ ಬದಲಿಸಿ, ಕೆಲವು ವಾರ ಕಾದು, ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ.