ಎಚ್ಚರವಾದ ಮೇಲಿನ 25 ನಿಮಿಷ

ಪೈಲಟ್‌ಗಳ ವಾರ್ಷಿಕ ವೈದ್ಯಕೀಯ ಪರೀಕ್ಷೆಯಲ್ಲಿ ಕಣ್ಣು, ಕಿವಿ, ರಕ್ತದೊತ್ತಡ, ಇಸಿಜಿ, ರಕ್ತದ ಸಕ್ಕರೆ, ಎಲ್ಲಕ್ಕೂ ಒಂದೊಂದು ಅಂಕಿ ಸಿಗುತ್ತದೆ. ನಿದ್ದೆಗೆ ಮಾತ್ರ ಅಂಕಿಯಿಲ್ಲ. "ನಿದ್ದೆ ಚೆನ್ನಾಗಿ ಬರುತ್ತದೆಯೇ?" ಎಂದು ಕೇಳಿದರೆ, ರಾತ್ರಿಯಿಡೀ ವಿಮಾನ ಹಾರಿಸಿ ಮೂರು ದಿನಗಳಷ್ಟೇ ಕಳೆದ ಪೈಲಟ್ ಕೂಡ "ಏನೂ ತೊಂದರೆಯಿಲ್ಲ ಡಾಕ್ಟರೇ" ಎಂದೇ ಉತ್ತರಿಸುತ್ತಾರೆ. ಅವರಲ್ಲಿ ಕೆಲವರು 'ಅನ್‌ಫಿಟ್' ಎಂಬ ಮುದ್ರೆಗೆ ಹೆದರಿ ಹಾಗೆ ಹೇಳುತ್ತಾರೆಂಬುದು ನನಗೆ ಗೊತ್ತು. ಆದರೆ ಹೆಚ್ಚಿನವರು ಸುಳ್ಳು ಹೇಳುತ್ತಿರುವುದಿಲ್ಲ, ತಮಗೆ ತೊಂದರೆಯಿಲ್ಲ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ವಿಮಾನಯಾನ ವೈದ್ಯಶಾಸ್ತ್ರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಪ್ರಾಮಾಣಿಕ ನಂಬಿಕೆಯೇ. ದಣಿವನ್ನು ಅಳೆಯಬೇಕಾದದ್ದು ಮಿದುಳು, ಮೊದಲು ದಣಿಯುವುದೂ ಅದೇ ಮಿದುಳು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನವು ಮಂಗಳೂರಿನ ಬಜ್ಪೆಯ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ ಮೇಲಿನ) ರನ್‌ವೇಯ ಕೊನೆಯನ್ನು ದಾಟಿ ಕಣಿವೆಗೆ ಉರುಳಿ ಬೆಂಕಿಗೆ ಆಹುತಿಯಾದಾಗ, ಅದರಲ್ಲಿದ್ದ 166 ಮಂದಿಯಲ್ಲಿ ಬದುಕಿದವರು 8 ಮಂದಿ ಮಾತ್ರ. ತನಿಖಾ ನ್ಯಾಯಾಲಯದ ವರದಿ ಬಂದ ಮೇಲೆ ಜನರ ನೆನಪಿನಲ್ಲಿ ಉಳಿದದ್ದು ಒಂದೇ ಸಂಗತಿ: ಕ್ಯಾಪ್ಟನ್ ನಿದ್ದೆ ಮಾಡುತ್ತಿದ್ದರು. ಕಾಕ್‌ಪಿಟ್‌ನ ಧ್ವನಿಮುದ್ರಣ ಒಟ್ಟು 2 ಗಂಟೆ 5 ನಿಮಿಷದ್ದು. ಅದರ ಮೊದಲ 1 ಗಂಟೆ 40 ನಿಮಿಷಗಳಲ್ಲಿ ಇಬ್ಬರು ಪೈಲಟ್‌ಗಳ ನಡುವೆ ಮಾತುಕತೆಯೇ ಇಲ್ಲ, ನಡುನಡುವೆ ಗೊರಕೆಯ ಸದ್ದಿದೆ. ಇದು ನಿಜ. ಆದರೆ ಆ ದುರಂತದ ಬಗ್ಗೆ ಜನ ಮಾತನಾಡುವಾಗ ಒಂದು ಮುಖ್ಯ ವಿಷಯ ಜಾರಿಹೋಗುತ್ತದೆ. ವಿಮಾನ ಇಳಿಯುವ ಹೊತ್ತಿಗೆ ಕ್ಯಾಪ್ಟನ್ ನಿದ್ದೆಯಲ್ಲಿರಲಿಲ್ಲ. ಎದ್ದು ಸುಮಾರು 25 ನಿಮಿಷವಾಗಿತ್ತು, ಮಾತನಾಡುತ್ತಿದ್ದರು, ವಿಮಾನವನ್ನು ಸ್ವತಃ ನಡೆಸುತ್ತಿದ್ದರು.

ನಿದ್ದೆಗಣ್ಣು ಎಂಬ ನಮ್ಮ ಮಾತು ಇಲ್ಲಿ ವೈದ್ಯಕೀಯವಾಗಿಯೂ ಸರಿಯಾದದ್ದು. ಅರ್ಧ ಗಂಟೆಗಿಂತ ಹೆಚ್ಚು ಮಲಗಿದವರು ಸಾಮಾನ್ಯವಾಗಿ ಗಾಢ ನಿದ್ರೆಯ ಹಂತಕ್ಕೆ ಇಳಿಯುತ್ತಾರೆ. ಆ ಹಂತದಿಂದ ಎಬ್ಬಿಸಲ್ಪಟ್ಟಾಗ ಮಿದುಳು ಒಂದೇ ಬಾರಿಗೆ ಎಚ್ಚರಗೊಳ್ಳುವುದಿಲ್ಲ, ಭಾಗಭಾಗವಾಗಿ ಎಚ್ಚರಗೊಳ್ಳುತ್ತದೆ. ಉಸಿರಾಟ, ಚಲನೆ, ರೂಢಿಯಾದ ಮಾತು ಬೇಗ ಮರಳುತ್ತವೆ. ಹಣೆಯ ಹಿಂದಿರುವ ಮುಂಭಾಗದ ತೊಗಟೆ, ಅಂದರೆ ಹಲವು ಸಂಗತಿಗಳನ್ನು ತೂಗಿ ನಿರ್ಧಾರ ಮಾಡುವ ಮತ್ತು ಮಾಡಿದ ನಿರ್ಧಾರ ತಪ್ಪೆಂದು ಕಂಡಾಗ ಅದನ್ನು ಬದಲಿಸುವ ಭಾಗ, ಎಲ್ಲಕ್ಕಿಂತ ತಡವಾಗಿ ಪೂರ್ಣ ಸ್ಥಿತಿಗೆ ಬರುತ್ತದೆ. ಇದಕ್ಕೆ ಹದಿನೈದರಿಂದ ಮೂವತ್ತು ನಿಮಿಷ ಬೇಕಾಗಬಹುದು, ನಿದ್ದೆಗೆಟ್ಟವರಲ್ಲಿ ಇನ್ನೂ ಹೆಚ್ಚು. ಆ ಅವಧಿಯಲ್ಲಿ ಮನುಷ್ಯ ಹೊರಗಿನವರ ಕಣ್ಣಿಗೆ ಎಚ್ಚರವಾಗಿಯೇ ಕಾಣುತ್ತಾನೆ. ಇಪ್ಪತ್ತು ವರ್ಷಗಳ ಅಭ್ಯಾಸದಿಂದ ಕೈಗೆ ಹತ್ತಿದ ಕೆಲಸಗಳನ್ನು ತಪ್ಪಿಲ್ಲದೆ ಮಾಡುತ್ತಾನೆ. ಅಭ್ಯಾಸಕ್ಕೆ ಮೀರಿದ್ದು ಎದುರಾದಾಗ ಮಾತ್ರ ಒಳಗಿನ ಮಂಪರು ಬಯಲಾಗುತ್ತದೆ.

ಅಂದು ಅಭ್ಯಾಸಕ್ಕೆ ಮೀರಿದ್ದು ಎದುರಾಯಿತು. ಮಂಗಳೂರಿನ ರಾಡಾರ್ ಕೆಟ್ಟಿದ್ದ ಕಾರಣ ವಿಮಾನಕ್ಕೆ ಕೆಳಗಿಳಿಯುವ ಅನುಮತಿ ಎಂದಿಗಿಂತ ಹತ್ತಿರದಲ್ಲಿ ಸಿಕ್ಕಿತು. ಹೀಗಾಗಿ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. 50 ಅಡಿ ಎತ್ತರದಲ್ಲಿ ದಾಟಬೇಕಾದ ರನ್‌ವೇ ಅಂಚನ್ನು ಅದು ಸುಮಾರು 200 ಅಡಿಯಲ್ಲಿ, 144 ನಾಟ್ ವೇಗದ ಬದಲು 160ಕ್ಕೂ ಹೆಚ್ಚು ನಾಟ್ ವೇಗದಲ್ಲಿ ದಾಟಿತು. ಫಸ್ಟ್ ಆಫೀಸರ್ (ಸಹ ಪೈಲಟ್) ಮೂರು ಬಾರಿ 'ಗೋ ಅರೌಂಡ್' ಎಂದರು, ಅಂದರೆ ಇಳಿಯುವುದನ್ನು ಕೈಬಿಟ್ಟು ಮೇಲೇರಿ ಸುತ್ತಿಬರೋಣ ಎಂದರು. ನೆಲ ಸಮೀಪಿಸುತ್ತಿದೆ ಎಂದು ಎಚ್ಚರಿಸುವ ಯಂತ್ರವೂ ಮತ್ತೆ ಮತ್ತೆ ಕೂಗಿತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ವಿಮಾನದ ಗಾಲಿಗಳು ಪೂರ್ತಿ ಊರಿದ್ದು 5,200 ಅಡಿಯ ಬಳಿ. ಆ ಹಂತದಲ್ಲೂ ಗರಿಷ್ಠ ಬ್ರೇಕ್ ಹಾಕಿದ್ದರೆ ನಿಲ್ಲಿಸಲು ಅವಕಾಶವಿತ್ತು. ಆದರೆ ಬ್ರೇಕ್ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹೊರಟರು. ಗೋ ಅರೌಂಡ್ ಬೇಕಾಗಿದ್ದಾಗ ಬರದ ನಿರ್ಧಾರ, ಅದು ಮಾಡಲೇಬಾರದ ಹೊತ್ತಿನಲ್ಲಿ ಬಂತು. ತಡವಾಗಿ ಎಚ್ಚರವಾಗುತ್ತಿದ್ದ ಮಿದುಳಿನ ಗುರುತು ಇದರಲ್ಲಿ ಇದೆಯೆಂದೇ ನಾನು ಈ ಪ್ರಸಂಗವನ್ನು ಓದುತ್ತೇನೆ.

ಅದಕ್ಕೆ ಜಾವದ ಹೊತ್ತೂ ಸೇರಿಕೊಂಡಿತ್ತು. ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗಿನ ಅವಧಿಯಲ್ಲಿ ದೇಹದ ಉಷ್ಣತೆ ಅತ್ಯಂತ ಕೆಳಮಟ್ಟಕ್ಕೆ ಇಳಿಯುತ್ತದೆ, ಪ್ರತಿಕ್ರಿಯೆ ನಿಧಾನವಾಗುತ್ತದೆ, ಕಣ್ಣು ತೆರೆದಿದ್ದಂತೆಯೇ ಕೆಲವು ಸೆಕೆಂಡುಗಳ ನಿದ್ದೆ ಬಂದು ಹೋಗುತ್ತದೆ. ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದದ್ದು ರಾತ್ರಿ ಮಲಗಿದವರಿಗೆ. ರಾತ್ರಿ ಮಲಗದವನಿಗೆ ಅದಕ್ಕಿಂತ ಕೆಟ್ಟ ಮುಹೂರ್ತವಿಲ್ಲ ಎಂಬುದನ್ನು ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ಸು ಓಡಿಸುವ ಯಾವ ಚಾಲಕನೂ ಹೇಳಿಯಾನು. 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆ ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿಯುತ್ತದೆ. ನಮ್ಮ ದೇಶದಲ್ಲಿ ರಸ್ತೆಯ ಮೇಲೆ ವಾಹನ ಓಡಿಸಲು ಇರುವ ಮಿತಿ ಶೇ 0.03. ಹಾರಾಟಕ್ಕೆ ಮೊದಲು ಪೈಲಟ್ ಉಸಿರು ಊದಿ ತೋರಿಸಬೇಕು, ಅದರಲ್ಲಿ ಮದ್ಯದ ಸುಳಿವು ಕಂಡರೆ ಆ ದಿನ ವಿಮಾನದ ಮೆಟ್ಟಿಲು ಹತ್ತುವಂತಿಲ್ಲ. ನಿದ್ದೆಗೇಡನ್ನು ಹಿಡಿಯಲು ಊದುವ ಯಂತ್ರ ಇನ್ನೂ ಬಂದಿಲ್ಲ.

ಅಳೆಯುವ ಅಂಗವೇ ಕೆಡುವುದು ಎಂಬ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಬೆಂಗಳೂರಿನ ವಿಮಾನಪುರದಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಗಾಳಿಯ ಒತ್ತಡವನ್ನು ತಗ್ಗಿಸಿ, ನೆಲದ ಮೇಲೆಯೇ ಕೂರಿಸಿ ಆಕಾಶದ ಎತ್ತರವನ್ನು ಅನುಭವಕ್ಕೆ ತರುವ ಕೋಣೆಯಿದೆ. ಅಂಥ ಕೋಣೆಯಲ್ಲಿ 25,000 ಅಡಿಯ ಸ್ಥಿತಿಗೆ ಒಯ್ದು ಆಮ್ಲಜನಕದ ಮುಖವಾಡ ತೆಗೆಸಿದರೆ ಬುದ್ಧಿ ಸರಿಯಾಗಿ ಕೆಲಸ ಮಾಡುವುದು ಮೂರರಿಂದ ಐದು ನಿಮಿಷ. 35,000 ಅಡಿಯಲ್ಲಿ ಒಂದು ನಿಮಿಷವೂ ಇಲ್ಲ. ಕಲಿಯುವ ಕಾಲದಲ್ಲಿ ನನ್ನ ಕೈಗೂ ಕಾಗದ, ಪೆನ್ಸಿಲು ಕೊಟ್ಟು ನೂರರಿಂದ ಏಳೇಳು ಕಳೆಯುತ್ತ ಬರೆಯಲು ಹೇಳಿದರು. ನಾನು ಸಲೀಸಾಗಿ ಬರೆದೆ, ಮನಸ್ಸು ಹಗುರವಾಗಿತ್ತು, ಈ ಪರೀಕ್ಷೆ ಇಷ್ಟು ಸುಲಭವೇ ಎಂದು ಒಳಗೊಳಗೇ ನಗು ಬರುತ್ತಿತ್ತು. ಹೊರಗೆ ಬಂದು ಕಾಗದ ನೋಡಿದರೆ ನಾಲ್ಕನೆಯ ಸಾಲಿನಿಂದಾಚೆ ಲೆಕ್ಕ ತಪ್ಪಿತ್ತು, ಏಳನೆಯ ಸಾಲಿನಲ್ಲಿ ಒಂದೇ ಅಂಕಿಯನ್ನು ಮೂರು ಸಲ ಬರೆದಿದ್ದೆ. ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಅಕ್ಷರ ನನ್ನದೆಂದು ನಂಬಲು ಇಂದಿಗೂ ಕಷ್ಟವಾಗುತ್ತದೆ.

2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್ ಕಡೆಗೆ ಹೊರಟ ಹೀಲಿಯೋಸ್ ವಿಮಾನದಲ್ಲಿ ಇದೇ ಆಯಿತು. ವಿಮಾನದೊಳಗಿನ ಗಾಳಿಯ ಒತ್ತಡ ಕಾಯುವ ಸ್ವಿಚ್ಚು ಇರಬೇಕಾದ ಸ್ಥಾನದಲ್ಲಿ ಇರಲಿಲ್ಲ. ಎಚ್ಚರಿಕೆಯ ಸದ್ದನ್ನು ಪೈಲಟ್‌ಗಳು ಬೇರೆಯೇ ದೋಷದ ಸದ್ದೆಂದು ತಿಳಿದರು. ಅದರ ಕಾರಣ ಹುಡುಕುತ್ತಿರುವಾಗಲೇ ಹುಡುಕುವ ಶಕ್ತಿ ಅವರಿಂದ ಸರಿಯಿತು. ಸತ್ತವರು 121 ಮಂದಿ.

ಸಕ್ಕರೆಯ ಕಥೆಯೂ ಇದೇ ಕುಲದ್ದು. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ, ಮತ್ತೊಂದು ಟೇಬಲ್‌ಟಾಪ್ ರನ್‌ವೇಯಲ್ಲಿ, ಮಳೆಯ ನಡುವೆ ವಿಮಾನ ಜಾರಿ ಬಿದ್ದು 21 ಮಂದಿ ಸತ್ತ ಪ್ರಕರಣದ ತನಿಖಾ ವರದಿಯಲ್ಲಿ ನನ್ನ ವೃತ್ತಿಯವರು ಮತ್ತೆ ಮತ್ತೆ ಓದಬೇಕಾದ ಒಂದು ಭಾಗವಿದೆ. ಕ್ಯಾಪ್ಟನ್ ವೈದ್ಯರು ಬರೆದುಕೊಡದ ಮಧುಮೇಹದ ಹಲವು ಮಾತ್ರೆಗಳನ್ನು ಸೇವಿಸುತ್ತಿದ್ದರೆಂದೂ, ಅದರಿಂದ ಸಕ್ಕರೆ ಸ್ವಲ್ಪ ಇಳಿದು ನಿರ್ಧಾರಶಕ್ತಿಯಲ್ಲಿ ಸೂಕ್ಷ್ಮ ಕೊರತೆ ಉಂಟಾಗಿರಬಹುದೆಂದೂ ಅದು ಹೇಳುತ್ತದೆ. ಸಕ್ಕರೆ ತೀರಾ ಇಳಿದರೆ ಬೆವರು, ನಡುಕ ಬಂದು ಮನುಷ್ಯನೇ ಎಚ್ಚೆತ್ತುಕೊಳ್ಳುತ್ತಾನೆ. ಸ್ವಲ್ಪವೇ ಇಳಿದಾಗ ಅಂಥ ಯಾವ ಸೂಚನೆಯೂ ಇರುವುದಿಲ್ಲ. ಆ ಮಾತ್ರೆಗಳನ್ನು ಮುಚ್ಚಿಡುವ ಪರಿಸ್ಥಿತಿಯನ್ನು ನಿರ್ಮಿಸುವುದರಲ್ಲಿ ನಮ್ಮ ಪಾಲೂ ಇದೆ. ಕಾಯಿಲೆ ಹೇಳಿಕೊಂಡವನ ಸಂಬಳ ಅಂದೇ ನಿಲ್ಲುವುದಾದರೆ, ಅವನು ಹೇಳುವುದು ನನಗಲ್ಲ, ಬೀದಿಯ ಮೆಡಿಕಲ್ ಸ್ಟೋರಿಗೆ.

ಮಿದುಳು ತನ್ನ ಕೊರತೆಯನ್ನು ತಾನೇ ಕಾಣಲಾರದಾದರೆ ಅದನ್ನು ಕಾಣುವ ಇನ್ನೊಂದು ಮಿದುಳು ಪಕ್ಕದಲ್ಲಿರಬೇಕು. ಎರಡನೆಯ ಪೈಲಟ್‌ನ ಕೆಲಸ ರೇಡಿಯೊದಲ್ಲಿ ಮಾತನಾಡುವುದಕ್ಕೆ, ಚಕ್ರ ಇಳಿಸುವುದಕ್ಕೆ ಮುಗಿಯುವುದಿಲ್ಲ, ಮೊದಲನೆಯವರ ಸ್ಥಿತಿಯನ್ನು ಹೊರಗಿನಿಂದ ಓದುವುದೂ ಅವರದೇ ಕೆಲಸ. ಮಂಗಳೂರಿನ ಫಸ್ಟ್ ಆಫೀಸರ್ ಓದಿದ್ದರು, ಸರಿಯಾಗಿಯೇ ಓದಿ ಬಾಯಿಬಿಟ್ಟು ಹೇಳಿದ್ದರು. ಕೋಯಿಕ್ಕೋಡ್‌ನಲ್ಲೂ ಗೋ ಅರೌಂಡ್ ಎಂಬ ಕರೆ ಬಂದಿತ್ತು, ಕ್ಯಾಪ್ಟನ್ ಅದರಂತೆ ನಡೆಯಲಿಲ್ಲ. ಎರಡು ಕಡೆಯೂ ಮಾತು ಹೊರಟಿತು, ಕೈ ಹೊರಡಲಿಲ್ಲ. ಎರಡು ಬಾರಿ ಎಚ್ಚರಿಸಿದರೂ ಕ್ಯಾಪ್ಟನ್ ಪ್ರತಿಕ್ರಿಯಿಸದಿದ್ದರೆ ಸಹ ಪೈಲಟ್ ನಿಯಂತ್ರಣವನ್ನು ತೆಗೆದುಕೊಳ್ಳಬೇಕು ಎಂಬ ಪಾಠ ತರಬೇತಿಯಲ್ಲಿ ಇದೆ. ಆದರೆ ಹಿರಿಯರ ಮಾತಿಗೆ ಎದುರಾಡಬಾರದೆಂದು ಕಲಿಸಿ ಬೆಳೆಸಿದ ಮನೆಗಳಿಂದ ಬಂದ ನಮಗೆ, ಹಿರಿಯರ ಕೈಯಿಂದ ವಿಮಾನವನ್ನೇ ಕಿತ್ತುಕೊಳ್ಳುವುದು ಹತ್ತು ಸೆಕೆಂಡುಗಳ ಒಳಗೆ ಆಗಬೇಕಾದ ಕೆಲಸ. ಸಿಮ್ಯುಲೇಟರ್‌ನಲ್ಲಿ ಹಲವು ಸಲ ನಿಜವಾಗಿ ಕಿತ್ತುಕೊಂಡು ರೂಢಿಯಾಗದವರಿಗೆ ಅದು ಆಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ರನ್‌ವೇ ಕಣ್ಣಿಗೆ ಬಿದ್ದ ಮೇಲೆ ಮನಸ್ಸು ಅದನ್ನೇ ಕಚ್ಚಿಕೊಳ್ಳುತ್ತದೆ. ಊರಿನ ದೀಪ ಕಂಡ ಮೇಲೆ ತುಂಬಿದ ಹೊಳೆಗೂ ಕಾಲಿಡುವವರಂತೆ, ಗುರಿ ಹತ್ತಿರವಾದಷ್ಟೂ ಯೋಜನೆ ಬದಲಿಸುವುದು ಕಷ್ಟವಾಗುತ್ತದೆ. ಗಮನ ಕಿರಿದಾಗುತ್ತಾ ಹೋದಂತೆ ಮೊದಲು ಸೋಲುವುದು ಕಿವಿ. ಎಚ್ಚರಿಕೆಯ ಸದ್ದು ಕಿವಿಗೆ ಬಿದ್ದರೂ ಅರ್ಥವಾಗಿ ಒಳಗೆ ಇಳಿಯುವುದಿಲ್ಲ. ಹೆಸರು ಹಿಡಿದು ಕರೆದರೆ, ಭುಜ ಮುಟ್ಟಿದರೆ ಆ ಬಿಗಿ ಕೆಲವೊಮ್ಮೆ ಸಡಿಲವಾಗುತ್ತದೆ.

ಕಾಕ್‌ಪಿಟ್‌ನಲ್ಲಿ ಕಣ್ಣು ಮುಚ್ಚುವುದನ್ನೇ ಅಪರಾಧವೆಂದು ನೋಡುವವರ ಜೊತೆ ನನ್ನ ಸಹಮತವಿಲ್ಲ. 1994ರಲ್ಲಿ ನಾಸಾ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘ ಹಾರಾಟದ ನಡುವೆ 40 ನಿಮಿಷಗಳ ಬಿಡುವು ಕೊಟ್ಟಾಗ ಪೈಲಟ್‌ಗಳು ಸರಾಸರಿ 26 ನಿಮಿಷ ನಿದ್ದೆ ಮಾಡಿದರು ಮತ್ತು ಹಾರಾಟದ ಕೊನೆಯ ಹಂತದಲ್ಲಿ ಬಿಡುವಿಲ್ಲದವರಿಗಿಂತ ಹೆಚ್ಚು ಚುರುಕಾಗಿದ್ದರು. ಗಾಢ ನಿದ್ರೆಗೆ ಜಾರುವ ಮುನ್ನವೇ ಎದ್ದದ್ದು ಇದರ ಗುಟ್ಟು. ಕದ್ದು ಮಲಗಿದವರಿಗೆ ಅಲಾರಂ ಇಡುವವರಿಲ್ಲ, ಹೇಳಿ ಮಲಗಿದವರಿಗೆ ಪಕ್ಕದವರೇ ಅಲಾರಂ. ಮಂಗಳೂರಿನಲ್ಲಿ ಕ್ಯಾಪ್ಟನ್ 100 ನಿಮಿಷದ ಬದಲು 25 ನಿಮಿಷ ಮಲಗಿ, ಇಳಿಯಲಾರಂಭಿಸುವ ಅರ್ಧ ಗಂಟೆ ಮೊದಲೇ ಎದ್ದಿದ್ದರೆ ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ.

ನಿಯಮಗಳು ನಿಧಾನವಾಗಿಯಾದರೂ ಬದಲಾಗಿವೆ. 2024ರ ಜನವರಿಯಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಹೊರಡಿಸಿದ ನಿಯಮಗಳು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದವು, ರಾತ್ರಿ ಕರ್ತವ್ಯದಲ್ಲಿ ವಿಮಾನ ಇಳಿಸಬಹುದಾದ ಸಲಗಳನ್ನು ಆರರಿಂದ ಎರಡಕ್ಕೆ ತಗ್ಗಿಸಿದವು, ರಾತ್ರಿಯ ಕೊನೆಯನ್ನು ಬೆಳಗಿನ 5ರಿಂದ 6 ಗಂಟೆಗೆ ಸರಿಸಿದವು. ವಿಮಾನಯಾನ ಸಂಸ್ಥೆಗಳ ಆಕ್ಷೇಪಗಳ ನಡುವೆ 2025ರಲ್ಲಿ ಇವು ಎರಡು ಹಂತಗಳಲ್ಲಿ ಜಾರಿಗೆ ಬಂದವು. ಮಂಗಳೂರಿನ ವಿಮಾನ ಬಿದ್ದದ್ದು 6 ಗಂಟೆ ದಾಟಿ ಐದು ನಿಮಿಷವಷ್ಟೇ ಆಗಿದ್ದಾಗ. ರೋಸ್ಟರ್ ಬರೆಯುವವರ ಗಡಿಯಾರ ಆರಕ್ಕೆ ರಾತ್ರಿಯನ್ನು ಮುಗಿಸುತ್ತದೆ, ದೇಹದ ಗಡಿಯಾರಕ್ಕೆ ಅಷ್ಟು ಶಿಸ್ತಿಲ್ಲ.

ಈಗ ನಾನು ನಿದ್ದೆಯ ಬಗ್ಗೆ ಕೇಳುವ ಪ್ರಶ್ನೆಯನ್ನೇ ಬದಲಿಸಿದ್ದೇನೆ. "ಕ್ಯಾಪ್ಟನ್, ಕಳೆದ ತಿಂಗಳು ನಿಮ್ಮ ಪಕ್ಕದಲ್ಲಿದ್ದವರು ದಣಿದಿದ್ದಾರೆಂದು ನಿಮಗೆ ಎಷ್ಟು ಸಲ ಅನ್ನಿಸಿತು?" ಎಂದು ಕೇಳುತ್ತೇನೆ. ತಮ್ಮ ಬಗ್ಗೆ ಏನೂ ತೊಂದರೆಯಿಲ್ಲ ಎಂದವರು ಇದಕ್ಕೆ ಬೆರಳು ಮಡಚಿ ಎಣಿಸತೊಡಗುತ್ತಾರೆ. ಇತ್ತೀಚೆಗೆ ಯುವ ಫಸ್ಟ್ ಆಫೀಸರ್ ಒಬ್ಬರು ಹೀಗೆಯೇ ಎಣಿಸುತ್ತ ಒಂದು ಪ್ರಸಂಗ ಹೇಳಿದರು. ಬಿಡುವಿನ ನಿದ್ದೆಯಿಂದ ಎದ್ದ ಕ್ಯಾಪ್ಟನ್ ಒಡನೆಯೇ "ಕೊಡಿ, ನಾನು ನಡೆಸುತ್ತೇನೆ" ಎಂದರಂತೆ. ಇವರು ಕೊಡಲಿಲ್ಲ. ದೀಪ ಹೊತ್ತಿಸಿ, ಕಾಫಿ ತರಿಸಿ, ಇಂಧನದ ಲೆಕ್ಕ ಕೇಳಿದರು. ಮೊದಲ ಉತ್ತರ ತಪ್ಪಿತ್ತು. "ಸರ್, ಇನ್ನು ಹದಿನೈದು ನಿಮಿಷ ನನ್ನ ಬಳಿಯೇ ಇರಲಿ" ಎಂದರು. ಕ್ಯಾಪ್ಟನ್ ಒಂದು ಗಳಿಗೆ ಅವರ ಮುಖ ನೋಡಿ, ಕಾಫಿ ಲೋಟ ಎತ್ತಿಕೊಂಡರಂತೆ.