ಒಂದಕ್ಕೆ ದೂರದ ಕಾಟ, ಇನ್ನೊಂದಕ್ಕೆ ನೆರೆಮನೆಯ ಕಾಟ

ತುಮಕೂರಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಪಕ್ಕದ ಮನೆಗೂ ಊರಾಚೆಯ ಬಡಾವಣೆಯ ಮನೆಗೂ ಒಂದೇ ಪ್ಲಾನ್, ಒಂದೇ ಬಿಲ್. ಆದರೂ ಒಂದು ಕಡೆ ವಿಡಿಯೊ ಓಡುತ್ತದೆ, ಇನ್ನೊಂದು ಕಡೆ ಸುತ್ತುತ್ತಲೇ ಇರುತ್ತದೆ. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಬಳಸಿದವರಿಗೆ ಇದು ಹೊಸದೇನಲ್ಲ. ಎಲ್ಲರೂ ಬೈಯುವುದು ಕಂಪನಿಯನ್ನು. ತಪ್ಪು ಎಷ್ಟೋ ಸಲ ತಂತಿಯ ಉದ್ದದ್ದು. ಕೇಬಲ್ ಟಿವಿ ತಂತಿಯಲ್ಲಿ ಬರುವ ಇಂಟರ್ನೆಟ್‌ಗೆ ಕಾಟ ಬೇರೆಯದೇ.

ಫೋನಿನ ಮಾತಿಗೆ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಫ್ರೀಕ್ವೆನ್ಸಿ ಸಾಕು. ಅದೇ ಜೋಡಿ ತಾಮ್ರದ ತಂತಿಯಲ್ಲಿ ಅದರ ಮೇಲಿನ ಜಾಗವೆಲ್ಲ ಸುಮ್ನೆ ಖಾಲಿ ಬಿದ್ದಿತ್ತು. ಫೋನ್ ತಂತಿಯಲ್ಲೇ ಇಂಟರ್ನೆಟ್ ಕಳಿಸುವ ಡಿಎಸ್‌ಎಲ್ ಹೊಕ್ಕಿದ್ದು ಅಲ್ಲಿಗೇ. ಅದರದೇ ಒಂದು ಬಗೆಯಾದ ಎಡಿಎಸ್‌ಎಲ್2+ ಸುಮಾರು 2.2 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ಮೋಡೆಮ್ ಜೊತೆ ಕೊಡುತ್ತಿದ್ದ ಪುಟ್ಟ ಸ್ಪ್ಲಿಟರ್ ಡಬ್ಬಿಯ ಕೆಲಸ ಮಾತನ್ನೂ ಇಂಟರ್ನೆಟ್ಟನ್ನೂ ಬೇರೆ ಮಾಡುವುದು. ಅದಿಲ್ಲದೆ ಫೋನ್ ಎತ್ತಿದರೆ ಕಿವಿಗೆ ಸುಯ್ ಅನ್ನುವ ಸದ್ದು ಬರುತ್ತಿತ್ತು.

ತೊಂದರೆ ಏನೆಂದರೆ, ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ತಾಮ್ರ ಅದನ್ನು ಬೇಗ ನುಂಗುತ್ತದೆ. ಎಕ್ಸ್‌ಚೇಂಜ್ ಹತ್ತಿರ 24 ಎಂಬಿಪಿಎಸ್ ಮುಟ್ಟಬಲ್ಲ ಲೈನು, ಮೂರು ಕಿಲೋಮೀಟರ್ ದಾಟಿದರೆ ಅದರ ಅರ್ಧವನ್ನೂ ಕೊಡುವುದಿಲ್ಲ. ಅದೂ ರಸ್ತೆಯ ಲೆಕ್ಕವಲ್ಲ, ತಂತಿ ಸುತ್ತಿ ಬಂದ ಲೆಕ್ಕ. ಮಳೆಗೆ ಜಾಯಿಂಟ್ ಒಳಗೆ ನೀರು ಇಳಿದರಂತೂ ಮೋಡೆಮ್‌ನ ಡಿಎಸ್‌ಎಲ್ ದೀಪ ಮಿಣುಕುತ್ತಲೇ ಇರುತ್ತದೆ.

ಕೇಬಲ್ ಇಂಟರ್ನೆಟ್ ಬರುವುದು ಟಿವಿಯ ದಪ್ಪ ಕೋಆಕ್ಸಿಯಲ್ ತಂತಿಯಲ್ಲಿ. ಒಳಗಿನ ತಂತಿಗೆ ಸುತ್ತಲೂ ಲೋಹದ ಜಾಲರಿಯ ಕವಚ. ಹಾಗಾಗಿ ನೂರಾರು ಮೆಗಾಹರ್ಟ್ಸ್ ಸಲೀಸಾಗಿ ಸಾಗುತ್ತದೆ, ಸೋತಲ್ಲಿ ಕಂಬದ ಮೇಲಿನ ಆಂಪ್ಲಿಫೈಯರ್ ಎತ್ತಿ ಕೊಡುತ್ತದೆ. 6 ಮೆಗಾಹರ್ಟ್ಸ್‌ನ ಒಂದೇ ಟಿವಿ ಚಾನೆಲ್ ಜಾಗದಲ್ಲಿ ಸುಮಾರು 38 ಎಂಬಿಪಿಎಸ್! ಕೇಬಲ್ ಇಂಟರ್ನೆಟ್‌ನ ಮಾನದಂಡವಾದ ಡಾಕ್ಸಿಸ್ 3.0 ಇಂಥ ಹಲವು ಚಾನೆಲ್‌ಗಳನ್ನು ಒಟ್ಟು ಕಟ್ಟಿ ಬಳಸುತ್ತದೆ.

ಆದರೆ ಆ ತಂತಿ ಇಡೀ ಬಡಾವಣೆಯದು. ರಾತ್ರಿ ಒಂಬತ್ತಕ್ಕೆ ಎಲ್ಲರೂ ಕ್ರಿಕೆಟ್ ಹಾಕಿದರೆ ನಿಮ್ಮ ಪಾಲು ಕರಗುತ್ತದೆ. ಇನ್ನೊಂದು ತಮಾಷೆ ಇದೆ. ಯಾರದೋ ಮನೆಯಲ್ಲಿ ಟಿವಿ ಹಿಂದಿನ ಕನೆಕ್ಟರ್ ಸಡಿಲವಾಗಿದ್ದರೆ, ಅಲ್ಲಿ ನುಗ್ಗಿದ ಗದ್ದಲ ಎಲ್ಲರ ಅಪ್‌ಲೋಡ್ ದಾರಿಗೂ ಸೇರುತ್ತದೆ. ಲೈನ್‌ಮನ್ ಮನೆಮನೆ ಅಲೆಯಬೇಕು!

ಅಂದಹಾಗೆ, ನಮ್ಮ ಊರುಗಳಲ್ಲಿ 'ಕೇಬಲ್‌ನವರ ನೆಟ್' ಅನ್ನುವುದು ಎಷ್ಟೋ ಕಡೆ ಇದಲ್ಲವೇ ಅಲ್ಲ. ಟಿವಿ ತಂತಿಯ ಪಕ್ಕದಲ್ಲೇ ಎಳೆದ, ಕಂಪ್ಯೂಟರ್‌ಗಳನ್ನು ಜೋಡಿಸುವಂಥ ಬೇರೆ ಲ್ಯಾನ್ ವೈರು ಅದು. ಮನೆಗೆ ಬಂದ ವೈರಿನ ತುದಿ ನೋಡಿ: ತಿರುಪಿ ಕೂರಿಸುವ ಲೋಹದ ಕನೆಕ್ಟರೋ, ಟಕ್ ಅಂತ ಕೂರುವ ಪ್ಲಾಸ್ಟಿಕ್ ಪಿನ್ನೋ? ಮೊದಲನೆಯದಾದರೆ ಕೋಆಕ್ಸಿಯಲ್, ಎರಡನೆಯದಾದರೆ ಲ್ಯಾನ್.

ನಿಧಾನ ಯಾಕೆ ಅಂತ ಗೊತ್ತಾಗಬೇಕಾದರೆ ಬೆಳಗಿನ ಜಾವ ಒಮ್ಮೆ, ರಾತ್ರಿ ಒಮ್ಮೆ ವೇಗ ನೋಡಿ. ಎರಡು ಹೊತ್ತೂ ನಿಧಾನವಾದರೆ ಲೈನಿನ ಮೇಲೆ ಅನುಮಾನ. ರಾತ್ರಿ ಮಾತ್ರ ಆದರೆ ಹಂಚಿಕೆಯ ಸಮಸ್ಯೆ. ಡಿಎಸ್‌ಎಲ್‌ನಲ್ಲೂ ಎಕ್ಸ್‌ಚೇಂಜ್‌ನಿಂದಾಚೆ ಎಲ್ಲರದೂ ಒಂದೇ ದಾರಿ. ಫೈಬರ್ ಹಾಕಿಸಿದರೂ ಹಂಚಿಕೆ ತಪ್ಪುವುದಿಲ್ಲ. ಜಿಪಾನ್ ಎಂಬ ಫೈಬರ್ ಪದ್ಧತಿಯಲ್ಲಿ ಸುಮಾರು 2.5 ಜಿಬಿಪಿಎಸ್ ಅನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಪಾಲೇ ದೊಡ್ಡದಾದ್ದರಿಂದ ಕೊರತೆ ಅಷ್ಟಾಗಿ ಕಾಣುವುದಿಲ್ಲ, ಅಷ್ಟೇ.